ಗಾಳಿಗೆ ಬಿಟ್ಟ ಚಪ್ಪರ

ತಂಗಿಯ ಮನೆಯ ಛಾವಣಿ ಹಾರಿಹೋಗಿ ಪಕ್ಕದವರ ತೆಂಗಿನ ಮರಕ್ಕೆ ಸಿಕ್ಕಿಕೊಂಡಿದ್ದ ಫೋಟೊ ಮೊಬೈಲಿಗೆ ಬಂದಾಗ ನಾನು ಆಟೋ ನಗರದ ನಮ್ಮ ಗ್ಯಾರೇಜಿನಲ್ಲಿ ಒಬ್ಬ ಲಾರಿ ಮಾಲೀಕನ ಜೊತೆ ಜಗಳಾಡುತ್ತಿದ್ದೆ. ಅವನಿಗೆ ನಾವು ಬಳಿದ ಬಣ್ಣ ಸೇರಿರಲಿಲ್ಲ. ಫೋಟೊ ನೋಡಿ ಬಾಯಿ ಮುಚ್ಚಿದೆ. ನಾನು ಜಗಳದ ನಡುವೆ ಬಾಯಿ ಮುಚ್ಚಿದ್ದನ್ನು ಗ್ಯಾರೇಜಿನಲ್ಲಿ ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ. ಅವನೇ ಗಾಬರಿಯಾಗಿ, "ಏನಾತ್ರೀ ಅಕ್ಕಾರ? ಬಣ್ಣ ಇದೇ ಇರ್ಲಿ ಬಿಡ್ರಿ" ಎಂದು ಲಾರಿ ತೆಗೆದುಕೊಂಡು ಹೋಗಿಬಿಟ್ಟ.

ನಾವು ಲಾರಿಗೆ ಬಾಡಿ ಕಟ್ಟುವವರು. ನನ್ನ ಗಂಡ ವೆಲ್ಡಿಂಗ್ ನೋಡಿಕೊಳ್ಳುತ್ತಾರೆ, ನಾನು ಬರುವ ಜನರನ್ನು ನೋಡಿಕೊಳ್ಳುತ್ತೇನೆ. ತಂಗಿಗೆ ಗಂಡ ಸಿಕ್ಕಿದ್ದೂ ಈ ಗ್ಯಾರೇಜಿನಲ್ಲೇ. ಅವನು ಕಾರವಾರದ ಕಡೆಯವನು, ದೋಣಿಗಳ ಎಂಜಿನ್ ರಿಪೇರಿ ಮಾಡುವವನು. ಯಾವುದೋ ಬಿಡಿಭಾಗ ಹುಡುಕಿಕೊಂಡು ಆಟೋ ನಗರಕ್ಕೆ ಬಂದಿದ್ದ. ನನಗೆ ಊಟದ ಡಬ್ಬಿ ತಂದ ತಂಗಿ ಅವನನ್ನು ನೋಡಿದಳು. ಆಮೇಲೆ ಆ ಬಿಡಿಭಾಗ ಅವನಿಗೆ ಎಷ್ಟು ಸಲ ಬೇಕಾಯಿತು ಅಂತೀರಿ! ನಮ್ಮದು ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕದ ಮನೆ, ಅವರದು ಮೀನಿಲ್ಲದೆ ಅನ್ನ ಇಳಿಯದ ಮನೆ. ಅವ್ವ ಅತ್ತಳು, ಬೈದಳು, ಕಡೆಗೆ ತಾನೇ ಮುಂದೆ ನಿಂತು ಮದುವೆ ಮಾಡಿಸಿದಳು. ಅವನು ತಂಗಿಗೆಂದೇ ಬೇರೆ ಒಲೆ, ಬೇರೆ ಪಾತ್ರೆ ಮಾಡಿಕೊಟ್ಟ. ಸಮುದ್ರದ ದಂಡೆಯ ಆ ಮನೆಯಲ್ಲಿ ಇಬ್ಬರೂ ಚೆನ್ನಾಗಿಯೇ ಇದ್ದರು.

ಅವರ ಛಾವಣಿ ಹಾರಿಸಿದ ಚಂಡಮಾರುತ ಬಂದದ್ದು ಮಳೆಗಾಲಕ್ಕೆ ಸ್ವಲ್ಪ ಮುಂಚೆ. ಅವರದು ಕೆಂಪು ಕಲ್ಲಿನ ಹಳೆಯ ಗೋಡೆಯ ಮನೆ, ಮೇಲೆ ಪತ್ರಾಸು, ಅಂದರೆ ತಗಡಿನ ಹಾಳೆ. ಗೋಡೆ ನಿಂತಿತು, ಪತ್ರಾಸು ಮಾತ್ರ ಒಂದೊಂದಾಗಿ ಕಿತ್ತುಕೊಂಡು ಹೋಯಿತು. ಗಂಡಹೆಂಡತಿ ಅಡುಗೆಮನೆಯ ಕಟ್ಟೆಯ ಕೆಳಗೆ ಮುದುರಿ ಕೂತು ಜೀವ ಉಳಿಸಿಕೊಂಡರು. ರಸ್ತೆ ತೆರವಾದ ಕೂಡಲೇ ತಂಗಿ ಬೆಳಗಾವಿಯ ಬಸ್ಸು ಹತ್ತಿ ಮಹಾಂತೇಶ ನಗರದ ನಮ್ಮ ಮನೆಗೆ ಬಂದಳು. ಬಾಗಿಲಲ್ಲಿ ನಿಂತವಳು ಚಪ್ಪಲಿ ಬಿಡುವ ಮೊದಲು ತಲೆ ಎತ್ತಿ ಮೇಲೆ ನೋಡಿದಳು. ನಮ್ಮದು ಸ್ಲ್ಯಾಬಿನ ಮನೆ. ಆದರೂ ನೋಡಿದಳು.

ಅಲ್ಲಿಂದ ಶುರುವಾಯಿತು. ಗಾಳಿ ಸ್ವಲ್ಪ ಜೋರಾಗಿ ಬೀಸಿದರೆ ಸಾಕು, ಇವಳಿಗೆ ನಿದ್ದೆ ಇಲ್ಲ. ಗೋಡೆಗೆ ಒರಗಿ, ಸ್ಲ್ಯಾಬಿನ ಮೇಲೆ ಕಣ್ಣು ನೆಟ್ಟು ಕೂತುಬಿಡುವಳು. ನಾನು ಬೈದೆ, ಬಜಿ ಕರಿದು ಕೊಟ್ಟೆ, ಡಾಕ್ಟರಿಗೆ ತೋರಿಸಿದೆ. ಡಾಕ್ಟರು ಗುಳಿಗೆ ಕೊಟ್ಟರು. ಗುಳಿಗೆ ತೆಗೆದುಕೊಂಡು ಕಣ್ಣು ತೆರೆದೇ ಕೂರುತ್ತಿದ್ದಳು.

ಅವಳ ಗಂಡ ಅಲ್ಲೇ ಉಳಿದಿದ್ದ. ಗೋಡೆಗಳ ನಡುವೆ ತಾಡಪತ್ರಿ ಕಟ್ಟಿಕೊಂಡು, ಇಡೀ ಮಳೆಗಾಲ ಅದರ ಕೆಳಗೇ ಬೇಯಿಸಿಕೊಂಡು ತಿಂದ. ಎಂಜಿನ್ ಕೆಲಸ ಬಿಟ್ಟು ಬೆಳಗಾವಿಗೆ ಬಂದು ಏನು ಮಾಡಿಯಾನು? ನಮ್ಮೂರಲ್ಲಿ ದೋಣಿ ಎಲ್ಲಿ ತೇಲಿಸಬೇಕು, ಕೋಟೆ ಕೆರೆಯಲ್ಲೇ? ದಿನಾ ಸಂಜೆ ಫೋನ್ ಮಾಡುತ್ತಿದ್ದ. "ಬಾ" ಎಂದು ಅವನು ಅನ್ನುತ್ತಿರಲಿಲ್ಲ, "ಬರುತ್ತೇನೆ" ಎಂದು ಇವಳೂ ಅನ್ನುತ್ತಿರಲಿಲ್ಲ. ಇವತ್ತು ಯಾವ ಎಂಜಿನ್ ಬಿಚ್ಚಿದೆ, ಇವತ್ತು ಏನು ಪಲ್ಯ ಮಾಡಿದೆ, ಇಷ್ಟೇ ಮಾತು. ಕೇಳಿ ಕೇಳಿ ನನಗೆ ಸಾಕಾಯಿತು. ಒಂದು ದಿನ ತಡೆಯಲಾರದೆ, "ನೀ ಖರೇ ಹೇಳು, ಹೋಗಾಕಿ ಹೌದೋ ಅಲ್ಲೋ?" ಎಂದು ಕೇಳಿಯೇಬಿಟ್ಟೆ.

"ಹೋಗಬೇಕಂತ ಮನಸೈತಿ ಅಕ್ಕಾ. ಆದ್ರ ಹಾರಿ ಹೋಗೂ ಛತ್ತಿನ ಕೆಳಗ ನನಗ ಇನ್ನ ಮಲಗಾಕ ಆಗೂದಿಲ್ಲ" ಅಂದಳು. "ಹಾರಲಾರದ ಛತ್ತ ಮಾಡಿಸಿ ಕೊಡ್ರಿ, ನಾಳೇನ ಹೋಗ್ತೇನಿ. ಇಲ್ಲಾಂದ್ರ ನಾ ಇಲ್ಲೇ, ಅವ್ರು ಅಲ್ಲೇ."

ಸಂಸಾರವೇ ಎರಡು ಊರಾಗಿ ಒಡೆಯುವ ಮಾತು ಅದು. ನಮ್ಮವರು ಊಟದ ತಟ್ಟೆಯಿಂದ ತಲೆ ಎತ್ತಿ, "ಲಾರಿ ಬಾಡಿ ಕಟ್ಟಾವ್ರು ನಾವು. ಘಾಟಿನ್ಯಾಗ ಕುಣಕೊಂತ ಓಡಾಡೂ ಬಾಡಿ ಕಳಚಿ ಬೀಳೂದಿಲ್ಲ, ನಿಂತಲ್ಲೇ ನಿಲ್ಲೂ ಮನಿ ಛತ್ತ ಯಾಕ ಬೀಳತೈತಿ? ನಾವೇ ಮಾಡೂಣು" ಎಂದರು. ಅವತ್ತು ಅವರ ಮೇಲೆ ನನಗೆ ಬಂದ ಪ್ರೀತಿ ಮದುವೆಯ ಹೊಸತರಲ್ಲೂ ಬಂದಿರಲಿಲ್ಲ. ಹೇಳಲಿಲ್ಲ, ಇನ್ನೆರಡು ರೊಟ್ಟಿ ಹಾಕಿದೆ.

ಸ್ಲ್ಯಾಬು ಹಾಕುವ ಹಾಗಿರಲಿಲ್ಲ, ಹಳೆಯ ಗೋಡೆ ಆ ಭಾರ ತಡೆಯುತ್ತಿರಲಿಲ್ಲ. ಚಂಡಮಾರುತ ಹೋದ ಮೇಲೆ ಅವರ ಊರಿಗೆ ಎಂಜಿನಿಯರುಗಳು ಬಂದು ಹೇಳಿಕೊಟ್ಟಿದ್ದ ಕೆಲವು ಮಾತನ್ನು ತಂಗಿಯ ಗಂಡ ಫೋನಿನಲ್ಲಿ ತಿಳಿಸಿದ. ಛಾವಣಿಗೆ ಎರಡು ಇಳಿಜಾರು ಸಾಲದು, ನಾಲ್ಕೂ ಕಡೆಗೆ ಬೇಕು. ಗೋಡೆಯ ಮೇಲೆ ಸುಮ್ಮನೆ ಕೂರಿಸಬಾರದು, ಪಾಯದಿಂದ ಎದ್ದ ಕಬ್ಬಿಣದ ಕಂಬಕ್ಕೆ ಬಿಗಿಯಬೇಕು. ನಮ್ಮವರಿಗೆ ಇದು ತಕ್ಷಣ ಅರ್ಥವಾಯಿತು. ಲಾರಿಯ ಬಾಡಿಯನ್ನೂ ಚಾಸಿಗೆ ಹೀಗೇ ಬಿಗಿಯುತ್ತಾರೆ. ಉಪ್ಪುಗಾಳಿಗೆ ತುಕ್ಕು ಹಿಡಿಯಬಾರದೆಂದು ಸತು ಲೇಪಿಸಿದ ಪೈಪು ತರಿಸಿದರು.

ಉಳಿದದ್ದು ಅವ್ವನ ಪಾಲು. ಅವ್ವ ಖಾನಾಪುರದಲ್ಲಿ ಅಣ್ಣನ ಸಂಸಾರವನ್ನು ಕಣ್ಣಲ್ಲೇ ನಡೆಸುತ್ತಾಳೆ, ನಮ್ಮದನ್ನು ಫೋನಿನಲ್ಲಿ. "ಸೂರು ಮಾತ್ರ ಉದ್ದ ಬಿಡ್ರಿ ಅಳ್ಯಾರ. ಮನಿ ಬೋಳ ತಲಿ ಹಂಗ ಕಾಣಬಾರದು" ಎಂದು ಅಪ್ಪಣೆ ಕೊಟ್ಟಳು. ಖಾನಾಪುರದ ಮಳೆಯಲ್ಲಿ ಬೆಳೆದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗೋಡೆಯಿಂದ ಆಚೆ ಛಾವಣಿ ಎಷ್ಟು ಚಾಚಿದೆಯೋ ಅಷ್ಟು ಗೋಡೆಗೆ ಆಯುಷ್ಯ. ಹೆಣ್ಣು ಕೊಡುವಾಗಲೂ ಹುಡುಗನ ಮನೆಯ ಸೂರು ನೋಡುವ ಜನ ನಾವು. ತಂಗಿಗೂ ಅದೇ ಆಸೆ ಇತ್ತು, ಸೂರಿನ ಕೆಳಗೆ ಕೂತು ಕಾಯಿಪಲ್ಯ ಹೆಚ್ಚುತ್ತಾ ಸಮುದ್ರ ನೋಡಬೇಕು ಎಂದು. ಸರಿ, ಪೈಪುಗಳನ್ನು ಉದ್ದವಾಗಿ ಕತ್ತರಿಸಿದೆವು, ಪತ್ರಾಸನ್ನೂ ಉದ್ದದ್ದೇ ತರಿಸಿದೆವು. ಬೆಸುಗೆ ಮುಗಿದ ದಿನ ಗ್ಯಾರೇಜಿನ ನೆಲದ ಮೇಲೆ ಜೋಡಿಸಿ ನೋಡಿದಾಗ ನಾನೇ ದೃಷ್ಟಿ ತೆಗೆದೆ. ಅಷ್ಟು ಚಂದ ಇತ್ತು.

ಮಳೆಗಾಲ ಕಳೆದು ಬಿಸಿಲು ಬಿದ್ದ ಮೇಲೆ ಎಲ್ಲವನ್ನೂ ಬಿಚ್ಚಿ ಲಾರಿಗೆ ಹೇರಿದೆವು. ಮುಂದೆ ನಮ್ಮವರು ಸ್ಟೇರಿಂಗ್ ಹಿಡಿದಿದ್ದರು, ಪಕ್ಕದಲ್ಲಿ ತಂಗಿ, ಅವಳ ಪಕ್ಕದಲ್ಲಿ ನಾನು. ಪತ್ರಾಸು ಲಾರಿಗಿಂತ ಉದ್ದವಿತ್ತು, ತುದಿ ಹಿಂದಕ್ಕೆ ಚಾಚಿಕೊಂಡಿತ್ತು. ಹಗ್ಗ ಹಾಕಿ ಜಗ್ಗಿ ಕಟ್ಟಿದ್ದೆವು. ದಾರಿ ಹೇಗೂ ಖಾನಾಪುರದ ಮೇಲೆಯೇ, ಅವ್ವನ ಮನೆಯಲ್ಲಿ ಚಹಾ ಕುಡಿದು ಮುಂದೆ ಹೋಗುವುದೆಂದು ಲೆಕ್ಕ.

ಊರು ದಾಟಿ ಲಾರಿ ವೇಗ ಹಿಡಿದದ್ದೇ ತಡ, ಹಿಂದಿನಿಂದ ಧಡಧಡ ಶುರುವಾಯಿತು. ನಮಗೆ ಅಂಥ ಸದ್ದು ಲೆಕ್ಕಕ್ಕಿಲ್ಲ, ದಿನಾ ಅದರಲ್ಲೇ ಇರುವವರು. ತಂಗಿಯ ಕೈ ಮಾತ್ರ ನನ್ನ ಮೊಣಕೈ ಹಿಡಿಯಿತು. ಉಗುರು ನಟ್ಟಿತು. ನಾನು ಏನೋ ತಮಾಷೆ ಮಾಡಿದೆ, ನಗಲಿಲ್ಲ. ಖಾನಾಪುರ ಬರುವ ಹೊತ್ತಿಗೆ ಮುಖ ಬಿಳಚಿಕೊಂಡಿತ್ತು. ಅವ್ವನ ಮನೆಯ ಮುಂದೆ ಲಾರಿ ನಿಂತ ಕೂಡಲೇ ಇಳಿದು ಸೀದಾ ಹಿಂದಕ್ಕೆ ಹೋದಳು. ಅವ್ವ ಕುಂಕುಮ, ತೆಂಗಿನಕಾಯಿ ಹಿಡಿದುಕೊಂಡು ಬಾಗಿಲಿಗೆ ಬಂದಿದ್ದಳು. ತಂಗಿ ಅವಳ ಕಡೆ ತಿರುಗಿಯೂ ನೋಡಲಿಲ್ಲ.

"ಅಕ್ಕಾ, ಬಾ ಇಲ್ಲೆ" ಎಂದು ಕೂಗಿದಳು. ಹೋದೆ. ಹಗ್ಗ ಬಿಗಿದ ಕಡೆ ಪತ್ರಾಸು ಹೇಗಿತ್ತೋ ಹಾಗೆ ಇತ್ತು. ಲಾರಿಯಿಂದ ಆಚೆ ಚಾಚಿದ್ದ ತುದಿ ಮಾತ್ರ ಮೇಲಕ್ಕೆ ಮಡಚಿಕೊಂಡಿತ್ತು.

"ಹಿಂಗ ಅಕ್ಕಾ, ಅವತ್ತೂ ಹಿಂಗ ಶುರು ಆಗಿದ್ದು. ಇದೇ ಸಪ್ಪಳ" ಅಂದಳು. "ಮೊದಲ ಸೂರು ಬಡಕೋಳಾಕ ಹತ್ತಿತು. ಆಮ್ಯಾಲ ಸೂರು ಹಿಡದು ಗಾಳಿ ಎಲ್ಲಾನೂ ಎತ್ತಿ ಒಗೀತು. ಇಷ್ಟ ದಿನಾ ನನಗ ಇದು ತಲ್ಯಾಗ ಬರಲೇ ಇಲ್ಲ ನೋಡು. ನಾವು ಗಾಳಿಗೆ ಹಿಡಕೋಳಾಕ ಹಿಡಿಕಿ ಮಾಡಿ ಒಯ್ಯಾಕತ್ತೇವಿ!"

ನಮ್ಮವರು ಮಡಚಿದ ಆ ತುದಿಯನ್ನು ಕೈಯಿಂದ ಒತ್ತಿ ನೋಡಿದರು. ನಾವು ಮೂವರೂ ಮಳೆಗೆ ಮನೆ ಕಟ್ಟುವವರು. ಮಳೆ ಮೇಲಿನಿಂದ ಬೀಳುತ್ತದೆ, ಅದಕ್ಕೆ ಕೊಡೆ ಹಿಡಿದರೆ ಆಯಿತು. ಗಾಳಿ ಕೆಳಗಿನಿಂದ ನುಗ್ಗುತ್ತದೆ ಎಂಬುದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ಕೊಡೆ ಹಿಡಿದು ಬಿರುಗಾಳಿಯಲ್ಲಿ ನಡೆದವರೇ ನಾವೆಲ್ಲ, ಆದರೂ ಹೊಳೆದಿರಲಿಲ್ಲ.

"ಕತ್ತರಸ್ರಿ ಅದನ್ನ" ಅಂದೆ ನಾನು.

ಅವ್ವ ಕೇಳಿಸಿಕೊಂಡಳು. ತಗೋ, ಶುರುವಾಯಿತು ರಾಮಾಯಣ. ಕೈಯಲ್ಲಿದ್ದ ತೆಂಗಿನಕಾಯಿಯನ್ನು ಕಟ್ಟೆಯ ಮೇಲಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಸೂರು ಕತ್ತರಸ್ತಾಳಂತ! ಅದೇನ ಗಡ್ಡ ಏನ, ಕತ್ತರಸಾಕ? ಗ್ವಾಡಿಗೆ ಮಳಿ ಬಡದು ಮನಿ ಕುಸದ ಬಿದ್ರ ಆಗೂದೇನ? ಹಲಸಿ ಗುಡಿ ನೋಡು ಹೋಗು, ಅದಕ್ಕೂ ಸೂರೈತಿ. ಎಷ್ಟ ತಲಿಮಾರಾತು, ನಿಂತಿಲ್ಲೇನ ಅದು?"

"ಅತ್ತೀರ, ಅದು ಕಲ್ಲೈತ್ರಿ" ಎಂದರು ನಮ್ಮವರು ಮೆಲ್ಲಗೆ.

"ನೀವು ಸುಮ್ನ ಕುಂದರ್ರಿ ಅಳ್ಯಾರ. ನಿಮ್ಮ ಕೂಡ ಅಲ್ಲ ನಾ ಮಾತಾಡಾಕತ್ತಿದ್ದು."

ನನಗೂ ಸಿಟ್ಟು ನೆತ್ತಿಗೇರಿತು. ನಾನೂ ಅವಳ ಮಗಳೇ ಅಲ್ಲವೇ? "ಯವ್ವಾ, ನಿನಗ ಸೂರು ಬೇಕೋ ಮಗಳ ಬೇಕೋ, ಒಂದ ಹೇಳು" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ. ಎದುರು ಮನೆಯ ಮರಾಠಿ ಹೆಂಗಸು ಕಿಟಕಿ ತೆರೆದು ನೋಡಿದಳು. ಅವ್ವ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಎಳೆದುಕೊಂಡಳು. ಒಳಗೆ ಹೋಗಿ ಚಹಾಕ್ಕಿಟ್ಟಳು. ಪಾತ್ರೆಗಳ ಸದ್ದಿನಲ್ಲೇ ಅವಳ ಸಿಟ್ಟು ಎಷ್ಟಿದೆ ಎಂದು ತಿಳಿಯುತ್ತಿತ್ತು.

ಚಹಾ ಕುಡಿಯುವಾಗ ತಂಗಿ ಕಣ್ಣೊರೆಸಿಕೊಂಡು, "ಅವ್ವ ಹೇಳೂದೂ ಸುಳ್ಳಲ್ಲ. ಅಲ್ಲೇನ ಮಳಿ ಕಡಿಮಿ ಐತೇನ? ಬಾಗಿಲ ಮುಂದ ಒಂದೀಟರ ಆಸರಾ ಬೇಕೇ ಬೇಕು. ಏನ ಮಾಡೂದೋ ತಿಳೀವಲ್ದು" ಎಂದಳು. ಮತ್ತೆ ಬೆಳಗಾವಿಗೇ ಬಂದು ಕೂರುವ ಮುಖ ಅದು. ನಾನು ಚಹಾದ ಕಪ್ಪು ಕೆಳಗಿಟ್ಟೆ.

ನಮ್ಮವರು ಬಸಿಗೆ ಬಗ್ಗಿಸಿಕೊಂಡಿದ್ದ ಚಹಾವನ್ನು ಸುರ್ರೆಂದು ಎಳೆದು ಮುಗಿಸಿ, ಹೊರಗೆ ನಿಂತ ಲಾರಿಯ ಕಡೆ ಬೆರಳು ತೋರಿಸಿದರು. "ಮಡ್‌ಗಾರ್ಡ್ ಬಾಡಿಗೆ ಯಾಕ ಬೆಸಗಿ ಹಾಕೂದಿಲ್ಲ, ಗೊತ್ತೇನ? ಎಲ್ಲರ ಬಡಿದ್ರ ಅದೊಂದ ಕಿತಗೊಂಡ ಹೋಗ್ಲಿ, ಬಾಡಿ ಜಗ್ಗಬಾರದು ಅಂತ. ನಾವೂ ಹಂಗ ಬ್ಯಾರೆ ಒಂದ ಚಪ್ಪರ ಮಾಡೂಣು. ಬಾಗಿಲ ಮುಂದ ನಾಕ ಕಂಬ, ಅದರ ಮ್ಯಾಲ ಅದರದ್ದೇ ಪತ್ರಾಸು. ಮನಿಗೂ ಅದಕೂ ಒಂದ ಬೋಲ್ಟೂ ಸಂಬಂಧ ಇರಬಾರದು. ದೊಡ್ಡ ಗಾಳಿ ಬಂತಂದ್ರ ಅದನ್ನ ತಗೊಂಡ ಹೋಗ್ಲಿ."

"ಹಾರಿ ಹೋಗ್ಲಿ ಅಂತನ ಕಟ್ಟೂದೇನ್ರೀ?" ಎಂದಳು ಅವ್ವ ಒಳಗಿನಿಂದ.

"ಹೌದ್ರಿ ಅತ್ತೀರ, ಅದಕ್ಕಂತನ."

ತಂಗಿ ಅವತ್ತು ಮೊದಲ ಸಲ ನಕ್ಕಳು. ನಾವು ಮುಂದೆ ಹೋಗಲಿಲ್ಲ, ಲಾರಿ ತಿರುಗಿಸಿ ಆಟೋ ನಗರಕ್ಕೇ ಬಂದೆವು. ಅಕ್ಕಪಕ್ಕದ ಗ್ಯಾರೇಜಿನವರು ಬಂದು, "ಏನ್ರೀ, ಸಮುದ್ರ ಮುಚ್ಚಿತ್ತೇನ್ರೀ?" ಎಂದು ಚೇಷ್ಟೆ ಮಾಡಿದರು. ಮಾಡಿಕೊಳ್ಳಲಿ. ಚಾಚಿದ್ದ ಪೈಪು, ಪತ್ರಾಸನ್ನೆಲ್ಲ ಗೋಡೆಯ ಅಂಚಿಗೆ ಸರಿಯಾಗಿ ಕತ್ತರಿಸಿದೆವು. ಕತ್ತರಿಸಿದ ತುಂಡುಗಳಿಂದಲೇ ಚಪ್ಪರ ತಯಾರಾಯಿತು. ಗೋಡೆಗೆ ಮಳೆ ಬಡಿಯುವುದಕ್ಕೆ ಸಿಮೆಂಟಿನ ಗಿಲಾವು ಮಾಡಿಸುವುದೆಂದಾಯಿತು.

ಮತ್ತೆ ಲಾರಿ ಹೇರಿಕೊಂಡು ಸಮುದ್ರದ ದಂಡೆಗೆ ಹೋಗಿ ಛಾವಣಿ ಏರಿಸುವಾಗ ತಂಗಿ ಪಾನಾ ಕೈಯಿಂದ ಬಿಡಲಿಲ್ಲ. ನಾವು ಬಿಗಿದ ಒಂದೊಂದು ನಟ್ಟನ್ನೂ ಏಣಿ ಹತ್ತಿ ತಾನು ಮತ್ತೆ ಬಿಗಿದು ನೋಡುವಳು. ಅವಳ ಗಂಡ ಕೆಳಗೆ ಏಣಿ ಹಿಡಿದು ನಿಂತು ಸುಮ್ಮನೆ ಅವಳನ್ನೇ ನೋಡುತ್ತಿದ್ದ. ಅಷ್ಟು ತಿಂಗಳು ಒಬ್ಬನೇ ಇದ್ದವನು, ಪಾಪ, ಗಡ್ಡ ಬಿಟ್ಟು ಸನ್ಯಾಸಿಯಾಗಿದ್ದ. ನಾವು ಹೊರಡುವ ದಿನ ಬೋಳಿಸಿಕೊಂಡು ಬಂದ. ತಂಗಿ ಲಾರಿ ಹತ್ತಲಿಲ್ಲ, ಅವನ ಪಕ್ಕ ನಿಂತು ಕೈಬೀಸಿದಳು. ಅರ್ಧ ಗೆದ್ದೆವು ಅಂದುಕೊಂಡೆ. ಅರ್ಧ ಮಾತ್ರ, ಏಕೆಂದರೆ ಗಾಳಿ ಜೋರಾದ ದಿನ ಈಗಲೂ ಕೂತೇ ಇರುತ್ತಾಳೆಂದು ಅವಳ ಗಂಡ ಫೋನಿನಲ್ಲಿ ಹೇಳುತ್ತಿದ್ದ. "ಅಕ್ಕ, ಒಂದು ದೊಡ್ಡ ಗಾಳಿ ಬಂದು ಹೋಗ್ಬೇಕು. ಅಲ್ಲೀವರೆಗೆ ಇವಳಿಗೆ ನಂಬಿಕೆ ಬರೂದಿಲ್ಲ" ಎಂದ ಒಮ್ಮೆ. "ನಿನ್ನ ಬಾಯಾಗ ಮಣ್ಣ ಬೀಳ್ಲಿ" ಎಂದು ಬೈದೆ.

ಬಂತು. ಮುಂದಿನ ವರ್ಷವೇ ಬಂತು. ಟೀವಿಯವರು ನಕ್ಷೆಯ ಮೇಲೆ ಬಿಳಿ ಸುಳಿ ತಿರುಗಿಸಿ ತಿರುಗಿಸಿ ತೋರಿಸಿದರು. ಬೆಳಿಗ್ಗೆ ತಂಗಿಯೇ ಫೋನ್ ಮಾಡಿದಳು. ದಂಡೆಯ ಮುಂದಿನ ಸಾಲಿನ ಮನೆಯವರಿಗೆ ಶಾಲೆಗೆ ಹೋಗಿರೆಂದು ಮೈಕಿನಲ್ಲಿ ಹೇಳಿದ್ದರಂತೆ. ಅಷ್ಟರಲ್ಲಿ ಶಾಲೆಯ ದಾರಿಗೆ ಮರ ಬಿದ್ದಿತ್ತಂತೆ. "ಅವ್ರೆಲ್ಲಾ ನಮ್ಮ ಮನಿಗೇ ಬರಾಕತ್ತಾರ ಅಕ್ಕಾ. ಈ ಮನಿ ಗಟ್ಟಿ ಐತಿ ಅಂತಾರ. ನಾ ಏನ ಹೇಳ್ಲಿ?" ಎಂದಳು. "ಕರಕೋ" ಅಂದೆ. ಲೈನು ಕಟ್ಟಾಯಿತು.

ಇನ್ನು ಅವಳೊಬ್ಬಳ ಜೀವವಲ್ಲ. ಒಂದು ಸಾಲು ಮನೆಗಳ ಜನ, ನಾವು ಬೆಸೆದ ಛಾವಣಿಯ ಕೆಳಗೆ. ಅವತ್ತು ಗ್ಯಾರೇಜಿನಲ್ಲಿ ಯಾರಿಗೂ ಕೆಲಸ ಹತ್ತಲಿಲ್ಲ. ನಮ್ಮವರು ವೆಲ್ಡಿಂಗ್ ಹೋಲ್ಡರ್ ಹಿಡಿಯುವರು, ಕೆಳಗಿಡುವರು. ನಾನು ಒಂದೊಂದು ಬೆಸುಗೆಯನ್ನೂ ಕಣ್ಣ ಮುಂದೆ ತಂದುಕೊಳ್ಳುತ್ತಿದ್ದೆ. ಅಂಚಿನ ಆ ಒಂದು ಮೂಲೆ ಸರಿಯಾಗಿ ಆಗಿತ್ತೇ? ಆಗಿತ್ತು. ನಿಜವಾಗಿ ಆಗಿತ್ತೇ? ಮರುದಿನವೂ ಫೋನಿಲ್ಲ. ಖಾನಾಪುರದಿಂದ ಅವ್ವ ಸುರಿಯುವ ಮಳೆಯಲ್ಲಿ ಬಸ್ಸು ಹತ್ತಿ ಬಂದು, ಗ್ಯಾರೇಜಿನ ಕುರ್ಚಿಯಲ್ಲಿ ಒದ್ದೆ ಸೆರಗು ಹೊದ್ದು ಕೂತಳು. ಸೂರಿನ ಮಾತು ಎತ್ತಲಿಲ್ಲ. ಎತ್ತಿ ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಕತ್ತರಿಸಿರಿ ಅಂದವಳು ನಾನೇ ಅಲ್ಲವೇ?

ಮಧ್ಯಾಹ್ನದ ಡಬ್ಬಿಯನ್ನು ಯಾರೂ ಬಿಚ್ಚಿರಲಿಲ್ಲ, ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಹಿಡಿದರೆ ತಂಗಿ.

"ಅಕ್ಕಾ, ಚಪ್ಪರ ಹೋತು" ಅಂದಳು.

"ಮನಿ? ಮನಿ ಏನಾತು?"

"ಮನಿಗೇನ ಆಗೇತಿ? ಮನ್ಯಾಗ ನಿಂತೇ ಮಾತಾಡಾಕತ್ತೇನಿ. ಒಂದ ಪತ್ರಾಸೂ ಅಲಗಾಡಿಲ್ಲ. ಎಲ್ಲಾರೂ ಆರಾಮ ಅದಾರ. ಚಪ್ಪರ ಮಾತ್ರ ಎಲ್ಲಿ ಹೋತೋ ಶಿವನೇ ಬಲ್ಲ, ಹುಡುಕಿದ್ರೂ ಸಿಗವಲ್ದು!"

ನಾನು ಸ್ಪೀಕರ್ ಹಾಕಿ ಮೊಬೈಲನ್ನು ಎಲ್ಲರ ನಡುವೆ ಹಿಡಿದೆ. "ಚಪ್ಪರ ಹಾರಿ ಹೋತಂತ್ರೀ!" ಎಂದು ಕೂಗಿದೆ. ನಮ್ಮವರು ಕೈಗವಸು ಕಿತ್ತೆಸೆದು, "ಭೇಷ್! ಹೋಗ್ಲಿ ಹೋಗ್ಲಿ!" ಎಂದು ಕುಣಿದರು. ತಾವು ಕಟ್ಟಿದ್ದು ಹಾರಿಹೋಯಿತೆಂದು ಕುಣಿಯುವ ಮಿಸ್ತ್ರಿಯನ್ನು ಆಟೋ ನಗರ ಅವತ್ತೇ ಮೊದಲು ನೋಡಿದ್ದು. ಅವ್ವ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾನೂ ಅತ್ತೆ, ನಾಚಿಕೆ ಏನು?

ಅವ್ವ ಮೂಗೊರೆಸಿಕೊಂಡು ಮೊಬೈಲಿಗೆ ಬಾಯಿ ಹಚ್ಚಿ, "ಭಾಳ ಅಂಜಿದ್ಯೇನ ನನ್ನವ್ವಾ? ಕಣ್ಣಿಗೆ ಕಣ್ಣ ಹಚ್ಚಿರಲಿಕ್ಕಿಲ್ಲ ನೀ" ಎಂದಳು.

ತಂಗಿಯ ಹಿಂದೆ ಯಾರೋ ಹೆಂಗಸರು ಕೊಂಕಣಿಯಲ್ಲಿ ಮಾತಾಡಿಕೊಂಡು ನಗುತ್ತಿದ್ದದ್ದು ಕೇಳುತ್ತಿತ್ತು. ಅವಳು ದನಿ ತಗ್ಗಿಸಿ, ನಾಚಿಕೊಂಡು ಹೇಳಿದಳು:

"ಮೊದಲ ಮ್ಯಾಲ ನೋಡಕೊಂತ ಕುಂತಿದ್ನಿ ಯವ್ವಾ. ಚಪ್ಪರ ಕಿತಗೊಂಡ ಹೋದ ಸಪ್ಪಳ ಕೇಳ್ತು. ಛತ್ತು ಮಾತ್ರ ಸುಮ್ನ ಇತ್ತು. ಆಮ್ಯಾಲ ನನಗೇನೂ ಗೊತ್ತಿಲ್ಲ, ನಿದ್ದಿ ಹತ್ತಿ ಬಿಟ್ಟಿತ್ತು. ಗಾಳಿ ನಿಂತು ಎಷ್ಟೋ ಹೊತ್ತಿನ ಮ್ಯಾಲ ಇವ್ರೇ ಎಬ್ಬಿಸಿದ್ರು. ಚಹಾಕ್ಕ ಸಕ್ಕರಿ ಎಲ್ಲೈತಿ ಅಂತ ಕೇಳಾಕ."